ಅಂಬಾದಾಸನ ಹಿಮ್ಮೇಳ

ಸನತ್‌ನಗರದ ಅಂಬಾದಾಸ ಭಜನೆಗೆ ಹೊರಟನೆಂದರೆ ಅವನ ಹೆಗಲ ಚೀಲದಲ್ಲಿ ಇಡೀ ಹಿಮ್ಮೇಳವೇ ಇರುತ್ತದೆ. ಅದು ಹಾರ್ಮನೈಸರ್ ಎಂಬ ಅಂಗೈಯಗಲದ ಪೆಟ್ಟಿಗೆ. ಕಾಲಲ್ಲಿ ಒತ್ತಿದರೆ ಅವನ ಒಂದೇ ದನಿಗೆ ಮೇಲೊಂದು, ಕೆಳಗೊಂದು ದನಿ ಕೂಡಿಸಿ ಮೂವರ ಹಾಡಾಗಿಸುತ್ತದೆ. ಮೇಲಿನದಕ್ಕೆ ಅವನಿಟ್ಟ ಹೆಸರು ಮಲ್ಲು, ಕೆಳಗಿನದಕ್ಕೆ ಮೌನಪ್ಪ. ಮೊದಲು ಅವನ ಜೊತೆಗೆ ಹಾಡುತ್ತಿದ್ದ ಗೆಳೆಯರ ಹೆಸರುಗಳವು. ಮಲ್ಲು ಊರಿನ ಇನ್ನೊಂದು ತುದಿಯ ಉಪ್ಪಲ್‌ಗೆ ಮನೆ ಬದಲಿಸಿದ, ಮೌನಪ್ಪ ತೀರಿಕೊಂಡ. ಪೆಟ್ಟಿಗೆಯ ದನಿ ಕೀರಲಾದರೆ "ಮಲ್ಲು, ಚೀರಬ್ಯಾಡೋ" ಎಂದು ಗದರುತ್ತಾನೆ. ಭಜನೆ ಮುಗಿದ ಮೇಲೆ "ಇವ್ರೂ ದಣದಾರ್ರಿ" ಎಂದು ಮೂರು ಲೋಟ ಚಹಾ ತರಿಸಿ, ಮೂರನ್ನೂ ತಾನೇ ಕುಡಿಯುತ್ತಾನೆ. "ಶ್ರುತಿ ಏರಿಸ್ರಿ, ಪೆಟ್ಟಿಗಿ ಎಷ್ಟ ಬೇಕಾದ್ರೂ ಏರತೈತಿ" ಎಂದು ಯಾರಾದರೂ ಹೇಳಿದರೆ ಮಾತ್ರ ಒಪ್ಪುವುದಿಲ್ಲ. "ಬ್ಯಾಡ್ರಿ, ಮೌನಪ್ಪಗ ಅಲ್ಲೀತನಕ ಏರಾಕ ಆಗಂಗಿಲ್ಲ."