ನೀರು ಕುಡಿದ ಕಲ್ಲು, ನಿದ್ದೆಗೆಟ್ಟ ಪ್ರಫುಲ್ಲಕ್ಕ

ಇನ್ನಂಜೆಯ ಗದ್ದೆಬದಿಯಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಪ್ರಫುಲ್ಲಾ ಆಚಾರ್ಯ ಮಾತ್ರ ಆಗಲೇ ಜಗಲಿಯಲ್ಲಿ ಕೂತು ಅಂಟುವಾಳದ ನೊರೆಯೊಳಗೆ ಕೈ ಇಳಿಸಿದ್ದಾರೆ. ಹಿಂದಿನ ಸಂಜೆ ನೆನೆಹಾಕಿದ ಬಳೆ, ಬೆಂಡೋಲೆ, ಕರಿಮಣಿ ಸರಗಳು ಒಂದೊಂದಾಗಿ ಮೇಲೆ ಬಂದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿಸಿಕೊಂಡು, ಬಟ್ಟೆಯ ಮೇಲೆ ಮಲಗುತ್ತವೆ. ಕಲ್ಲಿನ ಒಡವೆಗಳಿಗೆ ಮಾತ್ರ ಪಕ್ಕದಲ್ಲೊಂದು ಒಣ ತಟ್ಟೆ. ಅದರಿಂದ ಹಸಿರು ಕಲ್ಲಿನ ಉಂಗುರವೊಂದನ್ನು ಎತ್ತಿ ಅವರು ಗಂಭೀರವಾಗಿ ಕೇಳುತ್ತಾರೆ: "ನೀನು ನೀರು ಕುಡಿಯುವವಳಾ, ಅಲ್ಲವಾ? ಮೊದಲೇ ಹೇಳಿಬಿಡು."

ಕಲ್ಲು ಬಾಯಿ ಬಿಡುವುದಿಲ್ಲ. ಗೊಂದಲವೆಲ್ಲ ಅಲ್ಲೇ.

ಗಂಡ ದೇವದಾಸ ಆಚಾರ್ಯರು ಕಾರ್ಕಳದ ಪೇಟೆಯಲ್ಲಿ ಕೆಲಸ ಮಾಡುತ್ತಿದ್ದ ಅಕ್ಕಸಾಲಿ. ಸಿದ್ಧ ಒಡವೆಗಳ ದೊಡ್ಡ ಅಂಗಡಿಗಳು ಬಂದವು, ಜೊತೆಗೆ ಅವರ ಕಣ್ಣೂ ಮಂಜಾಯಿತು. ಅಂದಿನಿಂದ ಮನೆ ನಡೆಯುವುದು ಪ್ರಫುಲ್ಲಕ್ಕನ ಕೈಯಿಂದ. ಒಡವೆ ತೊಳೆಯುವುದು, ಹರಿದ ಸರ ಪೋಣಿಸುವುದು ಇವರ ಕೆಲಸ. ಮದುವೆಯ ಕಾಲದಲ್ಲಿ ದಿನಕ್ಕೆ ನಾಲ್ಕೈದು ಮನೆಯ ಚಿನ್ನ ಬರುತ್ತದೆ. ನೊರೆಗೆ ಬೆರಳ ತುದಿ ಸುಲಿದು, ಊಟಕ್ಕೆ ಕೂತರೆ ಸಾರು ತಾಗಿ ಉರಿಯುತ್ತದೆ. ರಸೀದಿ ಗಿಸೀದಿ ಏನೂ ಇಲ್ಲ. ಕಾಪುವಿನವರು, ಉಚ್ಚಿಲದವರು ಕರವಸ್ತ್ರದ ಗಂಟನ್ನು ಕೈಗಿಟ್ಟು ಬಸ್ ಹಿಡಿಯುತ್ತಾರೆ.

"ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡುವುದಿಲ್ಲ ಅಂತ ಗಾದೆ ಉಂಟಲ್ಲ, ಅದು ನಮ್ಮ ಬಾಗಿಲಲ್ಲೇ ಮಲಗಿದ ನಾಯಿ," ಎನ್ನುತ್ತಾರೆ ಪ್ರಫುಲ್ಲಕ್ಕ. "ಒಂದು ಸಲ ಬೊಗಳಿದರೆ ಸಾಕು, ಮತ್ತೆ ಯಾರೂ ಮೆಟ್ಟಿಲು ಹತ್ತುವುದಿಲ್ಲ."

ಕಳೆದ ಮಳೆಗಾಲ ಮುಗಿಯುವಾಗ ಆ ನಾಯಿ ಕಣ್ಣು ಬಿಟ್ಟಿತು. ಉದ್ಯಾವರದ ಗ್ಲ್ಯಾಡಿಸ್ ಬಾಯಿ ಮಗಳು ಆನ್ಸಿಲ್ಲಾಳ ನಿಶ್ಚಿತಾರ್ಥಕ್ಕೆಂದು ಒಡವೆಗಳನ್ನು ತೊಳೆಯಲು ಕೊಟ್ಟಿದ್ದರು. ಅದರಲ್ಲೊಂದು ಉಂಗುರ, ದೋಹಾದಲ್ಲಿರುವ ಅವರ ಗಂಡ ಸ್ಯಾಮ್ಸನ್ ಮಗಳಿಗೆಂದು ಕಳಿಸಿದ್ದು. ಕಲ್ಲಿನ ಹೆಸರು ಓಪಲ್, ಇಥಿಯೋಪಿಯಾದ್ದು. ಹಾಲುಬಿಳುಪಿನೊಳಗೆ ಕೆಂಪು, ಹಸಿರು, ನೀಲಿ. ಕೈ ತಿರುಗಿಸಿದರೆ ಬಣ್ಣಗಳೂ ಜಾಗ ಬದಲಿಸುತ್ತವೆ. ಅಕ್ಟೋಬರಿನಲ್ಲಿ ಹುಟ್ಟಿದವರ ಕಲ್ಲು, ನಿಷ್ಠೆಯ ಗುರುತು ಎಂದು ಕೆಲವರು. ಅಪಶಕುನ ಎಂದು ಇನ್ನು ಕೆಲವರು. ಆನ್ಸಿಲ್ಲಾ ಅಕ್ಟೋಬರಿನವಳು. ಪ್ರಫುಲ್ಲಕ್ಕ ಇದ್ಯಾವುದೂ ತಿಳಿಯದೆ ಎಲ್ಲದರ ಜೊತೆ ಅದನ್ನೂ ನೆನೆಹಾಕಿದರು. ಬೆಳಿಗ್ಗೆ ತೆಗೆದರೆ ಬಣ್ಣವೇ ಇಲ್ಲ. ಬರೀ ಗಾಜಿನ ಚೂರು.

"ನಾನು ಹಾಕಿದ ಕಲ್ಲು ಇದೇ ಅಲ್ವಾ ಅಂತ ನನ್ನ ಮೇಲೆಯೇ ಅನುಮಾನ. ಬಣ್ಣ ಇಳಿದಿದೆಯಾ ಅಂತ ಬೋಗುಣಿಯ ನೀರನ್ನು ಸೋಸಿ ನೋಡಿದೆ. ಎಂತ ಹುಚ್ಚು ಮರ್ಲು ನೋಡಿ."

ದೇವದಾಸರು ಬೆರಳಿನಿಂದ ಉಂಗುರ ತಡವಿದರು. ಕಲ್ಲಿನ ಹಿಡಿತ ಸಡಿಲಾಗಿಲ್ಲ, ಕಲ್ಲು ಅದೇ ಎಂದರು. ಹಾಗಾದರೆ ಬಣ್ಣ ಎಲ್ಲಿಗೆ ಹೋಯಿತು?

ಪ್ರಫುಲ್ಲಕ್ಕ ಎಲ್ಲವನ್ನೂ ಕಟ್ಟಿಕೊಂಡು ಉದ್ಯಾವರಕ್ಕೆ ಹೋದರು, ನಡೆದದ್ದನ್ನು ನಡೆದ ಹಾಗೆ ಹೇಳಿದರು. ಗ್ಲ್ಯಾಡಿಸ್ ಬಾಯಿ ಉಂಗುರವನ್ನು ಕಿಟಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದರು. ಆಮೇಲೆ ಉಳಿದ ಗಂಟು ಬಿಚ್ಚಿ, ಅವರೆದುರೇ ಬಳೆಗಳನ್ನು ಒಂದೊಂದಾಗಿ ಎಣಿಸತೊಡಗಿದರು.

"ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಎಣಿಸಿದರು," ಎನ್ನುವಾಗ ಪ್ರಫುಲ್ಲಕ್ಕನ ಸ್ವರ ಈಗಲೂ ಇಳಿಯುತ್ತದೆ. ಅಂದು ಅವರು ತಮ್ಮ ಕೈಯ ಬಳೆಗಳನ್ನೇ ಕಳಚಿ, ನಷ್ಟಕ್ಕೆಂದು ಮೇಜಿನ ಮೇಲಿಟ್ಟರು. ಗ್ಲ್ಯಾಡಿಸ್ ಬಾಯಿ ಅವನ್ನು ಹಿಂದಕ್ಕೆ ತಳ್ಳಿದರು. "ಪ್ರಫುಲ್ಲಕ್ಕ, ಈಗ ನೀವು ಹೋಗಿ."

ಮನೆಗೆ ಬಂದ ಪ್ರಫುಲ್ಲಕ್ಕನಿಗೆ ನಿದ್ದೆ ಹತ್ತಲಿಲ್ಲ. ಚಿನ್ನ ತಂದವರನ್ನೆಲ್ಲ ಮೈ ಸರಿ ಇಲ್ಲವೆಂದು ವಾಪಸು ಕಳಿಸಿದರು. ಅತ್ತ ಗ್ಲ್ಯಾಡಿಸ್ ಬಾಯಿ ಸಿಟ್ಟಿನಲ್ಲಿ ಉಂಗುರವನ್ನು ಕರವಸ್ತ್ರದಲ್ಲಿ ಸುತ್ತಿ ಕಪಾಟಿನ ಮೂಲೆಗೆ ಹಾಕಿದ್ದರು. ನಿಶ್ಚಿತಾರ್ಥ ಹತ್ತಿರ ಬಂದಾಗ, ಮಣಿಪಾಲದಲ್ಲಿ ತೋರಿಸೋಣ ಎಂದು ಬಿಚ್ಚಿದರೆ ಕೆಂಪು, ಹಸಿರು, ನೀಲಿ ಎಲ್ಲವೂ ತವರಿಗೆ ಹೋಗಿ ಬಂದವರ ಹಾಗೆ ಸ್ವಸ್ಥಾನದಲ್ಲಿವೆ.

ಮಣಿಪಾಲದ ಹರಳಿನ ವ್ಯಾಪಾರಿ ಜಿತೇಶ್ ವಿವರಿಸಿದರು. ಈ ಜಾತಿಯ ಓಪಲ್‌ನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ನೀರು ತುಂಬಿದರೆ ಬಣ್ಣ ಮರೆಯಾಗುತ್ತದೆ, ತಾನಾಗಿ ಒಣಗಿದರೆ ಮರಳುತ್ತದೆ. ನೆನೆಹಾಕಬಾರದು, ಸಾಬೂನು, ಎಣ್ಣೆ, ಅತ್ತರು ತಾಗಿಸಬಾರದು, ಬಿಸಿಲಿಗಿಟ್ಟರೆ ಬಿರುಕು ಬಿಟ್ಟೀತು. ಮೆದು ಬಟ್ಟೆಯಲ್ಲಿ ಒರೆಸಿದರೆ ಸಾಕು. ಸಿಟ್ಟಿನಲ್ಲಿ ಕಪಾಟಿಗೆ ಎಸೆದದ್ದೇ ಮದ್ದಾಗಿತ್ತು. ಗ್ಲ್ಯಾಡಿಸ್ ಬಾಯಿ ಅಂದೇ ಫೋನು ಮಾಡಿ ಇನ್ನಂಜೆಗೆ ಸುದ್ದಿ ಮುಟ್ಟಿಸಿದರು.

"ಕುಡಿದದ್ದು ಕಲ್ಲು, ತಲೆ ತಿರುಗಿದ್ದು ನನಗೆ," ಎಂದು ಪ್ರಫುಲ್ಲಕ್ಕ ನಗುತ್ತಾರೆ. "ಅವರು ಹೇಳಿದ್ದು ಕೇಳಿದೆ. ಆದರೂ ಕಲ್ಲು ನೀರು ಕುಡಿಯುವುದು ಹೇಗೆ ಮಾರಾಯ್ರೆ? ನನಗಂತೂ ಅರ್ಥ ಆಗಿಲ್ಲ." ಅದಕ್ಕೇ ಈಗ ಒಣ ತಟ್ಟೆ, ಅದಕ್ಕೇ ಕಲ್ಲುಗಳ ಜೊತೆ ಈ ವಿಚಾರಣೆ.

ಮೊನ್ನೆ ಆನ್ಸಿಲ್ಲಾಳ ಮದುವೆ. ಅದಕ್ಕೆ ಮೊದಲು ಗ್ಲ್ಯಾಡಿಸ್ ಬಾಯಿ ತಾವೇ ಇನ್ನಂಜೆಗೆ ಬಂದಿದ್ದರು. ಕೈಯಲ್ಲಿ ಬಿಸ್ಕತ್ತಿನ ಡಬ್ಬಿ, ಅದರ ತುಂಬ ಮದುವೆಯ ಚಿನ್ನ, ಎಲ್ಲದರ ಮೇಲೆ ಆ ಉಂಗುರ.

"ಎಣಿಸಿ ಕೊಡಿ ಬಾಯಿ," ಎಂದರು ಪ್ರಫುಲ್ಲಕ್ಕ.

ಗ್ಲ್ಯಾಡಿಸ್ ಬಾಯಿ ಮೆಟ್ಟಿಲ ಮೇಲೆ ಕೂತು ಗದ್ದೆಯ ಕಡೆ ನೋಡಿದರು. "ಅವತ್ತು ಎಣಿಸಿದ್ದೇ ಸಾಕು ಪ್ರಫುಲ್ಲಕ್ಕ. ಇನ್ನೂ ಎಣಿಸಬೇಕಾ?"

ಒಡವೆಗಳು ಮಿಂದು ಒಣಗಿದ ಮೇಲೆ, ಮರುದಿನ ಡಬ್ಬಿ ಉದ್ಯಾವರಕ್ಕೆ ಹೋಯಿತು. ಅದರಲ್ಲಿ ಎಷ್ಟು ಒಡವೆ ಇತ್ತು ಎಂದು ಕೇಳಿದರೆ ಪ್ರಫುಲ್ಲಕ್ಕ ನೊರೆಯಿಂದ ಕೈ ತೆಗೆದು, ಸೆರಗಿಗೆ ಒರೆಸಿಕೊಳ್ಳುತ್ತಾರೆ.

"ಗೊತ್ತಿಲ್ಲ. ಅವರು ಎಣಿಸಲಿಲ್ಲ, ನಾನೂ ಎಣಿಸಲಿಲ್ಲ."