ಶುಕ್ರವಾರದ ಮಸೂದೆ, ದೇಚಮ್ಮನ ಆರು ಹುಡುಗಿಯರು

ಕಳೆದ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ, ದೆಹಲಿಯ ಪೀತಮ್‌ಪುರದ ದೇಚಮ್ಮ ತಮ್ಮ ಮನೆಯಲ್ಲಿ ಪೇಯಿಂಗ್ ಗೆಸ್ಟ್ ಆಗಿದ್ದ ಆರು ವಿದ್ಯಾರ್ಥಿನಿಯರನ್ನು ಹಾಲ್‌ಗೆ ಕರೆದು, ಒಂದು ವಾರದೊಳಗೆ ಮನೆ ಖಾಲಿ ಮಾಡುವಂತೆ ತಿಳಿಸಿದರು. ಕಾರಣ: ಹೊಸ ಕಾನೂನು. ಆಧಾರ: ನಾನು.

ಎರಡು ದಿನ ನನಗೆ ಇದು ಗೊತ್ತೇ ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ಫರ್ಹಾನಾ ಫೋನ್ ಮಾಡಿದಳು. ಧಾರವಾಡದ ಹುಡುಗಿ, ಇಲ್ಲಿ ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡುತ್ತಿದ್ದಾಳೆ. ಎರಡು ವರ್ಷದಿಂದ ದೇಚಮ್ಮನ ಮನೆಯ ಮೇಲಿನ ಮಹಡಿಯಲ್ಲಿದ್ದಾಳೆ.

"ಸರ್, ನೀವೇ ಕನ್ಫರ್ಮ್ ಮಾಡೀರಂತ?"

"ಏನನ್ನ?"

"ಕಾನೂನು ಬಂದದ ಅಂತ. ಆಂಟಿ ನಮ್ಮನ್ನೆಲ್ಲ ಹೋಗ್ರಿ ಅಂದಾರ. ಬರೋ ಸೋಮವಾರ ನನ್ನ ಪರೀಕ್ಷೆ ಶುರು. ಕರೋಲ್ ಬಾಗ್‌ನಾಗ ಒಂದು ರೂಮ್ ನೋಡಿ ಬಂದೆ ಸರ್. ಕಿಟಕೀನ ಇಲ್ಲ."

ನನಗೆ ಶನಿವಾರದ ನೆನಪಾಯಿತು.

ನಮ್ಮ ಭಾಗದ ಕನ್ನಡಿಗರ ವಾಟ್ಸ್ಆ್ಯಪ್ ಗ್ರೂಪಿಗೆ ಅಂದು ಎರಡು ಫೋಟೊ ಬಂದಿದ್ದವು. ಒಂದು ಮಸೂದೆಯ ಎರಡನೇ ಮತ್ತು ಮೂರನೇ ಪುಟ. ಮೂವರಿಗಿಂತ ಹೆಚ್ಚು ಪೇಯಿಂಗ್ ಗೆಸ್ಟ್‌ಗಳನ್ನು ಇಟ್ಟುಕೊಳ್ಳುವವರು ನೋಂದಣಿ ಮಾಡಿಸಬೇಕು, ವಾರ್ಡನ್ ನೇಮಿಸಬೇಕು, ಅಗ್ನಿ ಸುರಕ್ಷತೆಯ ಪ್ರಮಾಣಪತ್ರ ಪಡೆಯಬೇಕು. ತಪ್ಪಿದರೆ ಜೈಲು. ಕೆಳಗೆ ಯಾರೋ ಕೆಂಪು ಅಕ್ಷರದಲ್ಲಿ 'ಪಿಜಿ ನಡೆಸುವವರೇ ಎಚ್ಚರ!' ಎಂದು ಸೇರಿಸಿದ್ದರು. (ಕೆಂಪು ಅಕ್ಷರ ಕಂಡರೆ ಅನುಮಾನ ಪಡಿ ಎಂದು ಇದೇ ಅಂಕಣದಲ್ಲಿ ಎಷ್ಟು ಸಲ ಬರೆದಿಲ್ಲ?)

'ಸರ್, ಇದು ಫೇಕ್ ತಾನೆ?' ಎಂದು ಗ್ರೂಪಿನಲ್ಲಿ ನನ್ನನ್ನು ಕೇಳಿದರು. ನಾನು ಪತ್ರಿಕೆಯ ಡೆಸ್ಕಿನಲ್ಲಿ ಪಳಗಿದ ಹಳೆಯ ಮನುಷ್ಯ. ನೋಡದೆ ಉತ್ತರಿಸುವುದಿಲ್ಲ. ಸಂಸತ್ತಿನ ಜಾಲತಾಣ ತೆರೆದೆ, ಮಸೂದೆಯನ್ನು ಹುಡುಕಿದೆ, ಪುಟಗಳನ್ನು ಹೋಲಿಸಿದೆ. ಆಮೇಲೆ ಬರೆದೆ: 'ಫೇಕ್ ಅಲ್ಲ. ಸಂಸತ್ತಿನ ದಾಖಲೆಯೇ. ನಿನ್ನೆ, ಶುಕ್ರವಾರ, ಲೋಕಸಭೆಯಲ್ಲಿ ಮಂಡನೆಯಾಗಿದೆ.'

ಒಂದು ಅಕ್ಷರವೂ ತಪ್ಪಿಲ್ಲ. ಆ ಸಂದೇಶಕ್ಕೆ ಹನ್ನೊಂದು ಹೆಬ್ಬೆರಳು ಬಿದ್ದವು. ನಾನು ಕಾಫಿ ಮುಗಿಸಿ ಎದ್ದೆ.

ಎಡವಿದ್ದು ಎಲ್ಲಿ?

ಸಂಸತ್ತಿನ ವರದಿ ಮಾಡಿದವರಿಗೆ ಶುಕ್ರವಾರ ಅಂದರೆ ಒಂದು ಅರ್ಥವಿದೆ. ಲೋಕಸಭೆಯಲ್ಲಿ ಅಂದು ಕಲಾಪದ ಕೊನೆಯ ಎರಡೂವರೆ ಗಂಟೆ ಖಾಸಗಿ ಸದಸ್ಯರದ್ದು. ಸಚಿವರಲ್ಲದ ಸಂಸದರು ತಮ್ಮ ತಮ್ಮ ಮಸೂದೆಗಳನ್ನು ಮಂಡಿಸುವ ಹೊತ್ತು ಅದು. ಅವು ಒಳ್ಳೆಯ ಮಸೂದೆಗಳೇ ಇರಬಹುದು, ಚರ್ಚೆಗೂ ಬರಬಹುದು. ಆದರೆ ಸ್ವಾತಂತ್ರ್ಯ ಬಂದ ಮೇಲೆ ಅಂಥವುಗಳಲ್ಲಿ ಕಾಯ್ದೆಯಾದವು ಹದಿನಾಲ್ಕೇ. ಕೊನೆಯದು 1970ರಲ್ಲಿ. ನಮ್ಮ ನ್ಯೂಸ್‌ರೂಮಿನಲ್ಲಿ 'ಶುಕ್ರವಾರದ್ದು' ಎಂದರೆ ಸಾಕು, ಒಳಪುಟದ ಸಿಂಗಲ್ ಕಾಲಂನ ಚಿಕ್ಕ ಸುದ್ದಿ ಎಂದು ಎಲ್ಲರಿಗೂ ತಿಳಿಯುತ್ತಿತ್ತು.

ಗ್ರೂಪಿನಲ್ಲಿದ್ದವರಿಗೆ ಶುಕ್ರವಾರ ಅಂದರೆ ಗುರುವಾರದ ಮಾರನೆಯ ದಿನ, ಅಷ್ಟೇ.

ಮೆಟ್ರೊ ಹಿಡಿದು ಪೀತಮ್‌ಪುರಕ್ಕೆ ಹೋದೆ. ಮೆಟ್ಟಿಲ ಬಳಿ ಮೂರು ಸೂಟ್‌ಕೇಸ್, ಹಗ್ಗ ಕಟ್ಟಿದ ಒಂದು ಹಾಸಿಗೆ. ಬಾಗಿಲು ತೆರೆದವಳು ದೇಚಮ್ಮನ ಮಗಳು ಕಾವೇರಿ. ದೆಹಲಿಯಲ್ಲೇ ಬೆಳೆದವಳು.

"ಆಯಿಯೇ ಅಂಕಲ್. ಮಮ್ಮಿ ಸಬ್ ಕೋ ಭಗಾ ರಹೀ ಹೈ, ಎಲ್ಲರನ್ನೂ ಓಡಿಸ್ತಿದ್ದಾಳೆ. ನನ್ನ ಮಾತು ಕೇಳೋದೇ ಇಲ್ಲ."

ದೇಚಮ್ಮ ಅಡುಗೆಮನೆಯಿಂದ ಬಂದರು. ಮಡಿಕೇರಿಯ ಕಡೆಯವರು. ಗಂಡ ಸೈನ್ಯದಲ್ಲಿ ಸುಬೇದಾರ್, ಸದ್ಯ ಗಡಿಯಲ್ಲಿ ಪೋಸ್ಟಿಂಗ್. ಮನೆಯನ್ನೂ ಮಗಳನ್ನೂ ಆರು ಹುಡುಗಿಯರ ಊಟವನ್ನೂ ಒಬ್ಬರೇ ನೋಡಿಕೊಳ್ಳುತ್ತಾರೆ. ಕಣ್ಣು ಕೆಂಪಾಗಿತ್ತು.

"ನೀವು ಬರೆಯದೇ ಇದ್ದಿದ್ರೆ ನಾನು ನಂಬ್ತಿರಲಿಲ್ಲ ಎಡಿಟರೇ. ಗ್ರೂಪಲ್ಲಿ ದಿನಾ ಏನೇನೋ ಬರುತ್ತೆ. ನೀವೇ ಹೌದು ಅಂದ್ರಲ್ಲ."

"ಹುಡುಗಿಯರನ್ನ ಯಾಕೆ ಕಳಿಸ್ತಿದ್ದೀರಿ? ಸ್ವಲ್ಪ ಕಾಯಬಹುದಿತ್ತಲ್ಲ?"

"ಪೊಲೀಸ್ ಬಂದ್ರೆ? ಮನೆ ನಮ್ಮ ಯಜಮಾನರ ಹೆಸರಲ್ಲಿದೆ. ನಾಳೆ ಇವರ ಸರ್ವಿಸ್ ರೆಕಾರ್ಡಲ್ಲಿ ಕೇಸು ಅಂತ ಬಿದ್ರೆ? ಮುಂದಿನ ವರ್ಷ ಪ್ರಮೋಷನ್ ಬೋರ್ಡ್ ಇದೆ. ಇವರಿಗೆ ಫೋನ್ ಮಾಡಿದೆ. ಏನಂದ್ರು ಗೊತ್ತಾ? 'ಆರ್ಡರ್ ಬಂದ್ಮೇಲೆ ಡಿಸ್ಕಷನ್ ಇಲ್ಲ' ಅಂದ್ರು."

ಕಾನೂನು ಇನ್ನೂ ಹುಟ್ಟಿಲ್ಲ. ಪಾಲನೆ ಮಾತ್ರ ಆಗಲೇ ಶುರು. ಇಪ್ಪತ್ತೈದು ವರ್ಷ ಆದೇಶ ಪಾಲಿಸಿದ ಮನೆಯಲ್ಲಲ್ಲದೆ ಬೇರೆಲ್ಲಿ ಹೀಗಾದೀತು?

ಫೋನ್ ತೆಗೆದು ಮೇಜಿನ ಮೇಲಿಟ್ಟೆ. ಮಹಡಿಯಿಂದ ಇಳಿದು ಬಂದಿದ್ದ ಫರ್ಹಾನಾಳೂ ಕಾವೇರಿಯೂ ಬಗ್ಗಿ ನೋಡಿದರು. ಮಸೂದೆಯ ಪೂರ್ತಿ ಪ್ರತಿ ತೆರೆದು, ಗ್ರೂಪಿಗೆ ಬಾರದೇ ಹೋಗಿದ್ದ ಮೊದಲ ಪುಟ ತೋರಿಸಿದೆ. ಶೀರ್ಷಿಕೆಯ ಕೆಳಗೇ ಸಂಸದರೊಬ್ಬರ ಹೆಸರಿತ್ತು. ಕೊನೆಗೆ, ಮಸೂದೆ ಯಾಕೆ ಬೇಕು ಎಂದು ವಿವರಿಸುವ ಪುಟದಲ್ಲಿ, ಅವರದೇ ಸಹಿ.

"ಸರ್ಕಾರದ ಮಸೂದೆ ಆಗಿದ್ರೆ ಇಲ್ಲಿ ಸಚಿವರ ಸಹಿ ಇರ್ತಿತ್ತು. ಇದು ಒಬ್ಬ ಸದಸ್ಯರ ಸಲಹೆ. ಮಂಡನೆ ಆಗಿದೆ, ಅಷ್ಟೇ. ಇನ್ನು ಚರ್ಚೆ ಆಗಬೇಕು, ಎರಡು ಸದನ ಒಪ್ಪಬೇಕು, ರಾಷ್ಟ್ರಪತಿ ಅಂಕಿತ ಹಾಕಬೇಕು. ಆಮೇಲೂ ಯಾವತ್ತಿಂದ ಜಾರಿ ಅಂತ ಸರ್ಕಾರ ಅಧಿಸೂಚನೆ ಹೊರಡಿಸಬೇಕು. ನೋಡಿ, ಒಂದನೇ ಕಲಮಿನಲ್ಲೇ ಬರೆದಿದೆ."

ದೇಚಮ್ಮ ಕನ್ನಡಕ ಹಾಕಿಕೊಂಡು ಒಂದನೇ ಕಲಮನ್ನು ಎರಡು ಸಲ ಓದಿದರು.

"ಅಂದ್ರೆ ಈಗ ಕಾನೂನು ಇಲ್ಲ?"

"ಇಲ್ಲ."

"ನಾಳೆ?"

"ನಾಳೆಯೂ ಇಲ್ಲ."

ಅವರು ಕುರ್ಚಿ ಎಳೆದು ಕುಳಿತರು. ಉದ್ದಕ್ಕೆ ಒಂದು ಉಸಿರು ಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

"ಇಷ್ಟೆಲ್ಲ ಗೊತ್ತಿಟ್ಕೊಂಡು, ಬರೀ ಶುಕ್ರವಾರ ಅಂತ ಬರೆದು ಸುಮ್ಮನಾದ್ರಲ್ಲ! ಜಿಪುಣತನಕ್ಕೂ ಒಂದು ಲಿಮಿಟ್ ಬೇಡ್ವಾ ಎಡಿಟರೇ?"

ನಾನು ಮಾತು ತಿರುಗಿಸಿದೆ. ಫರ್ಹಾನಾಳನ್ನು ಕೇಳಿದೆ. "ನೀನು ರಾಜ್ಯಶಾಸ್ತ್ರ ಓದ್ತಿದ್ದೀಯಲ್ಲಮ್ಮ, ನಿನಗೂ ಹೊಳೀಲಿಲ್ವಾ?"

"ಮಸೂದೆ ಕಾಯ್ದೆ ಆಗೋದು ಹೆಂಗ ಅಂತ ಹತ್ತು ಮಾರ್ಕಿಗೆ ಬರದೀನಿ ಸರ್, ಎಂಟು ಬಂದಿತ್ತು. ಆದ್ರ ನೀವು ಹೌದು ಅಂದಿದ್ರಿ."

"ಎಂಟು ಮಾರ್ಕು!" ಎಂದು ಕಾವೇರಿ ನಕ್ಕಳು. "ದೀದಿ, ಅದೇ ಎಂಟು ಮಾರ್ಕನ್ನ ಮಮ್ಮೀಗೆ ಹೇಳಬಹುದಿತ್ತಲ್ಲ!"

ಈಗ, ಓದುಗರೇ, ನಿಮಗೂ ಒಂದು ಮಾತು. ಇದನ್ನೆಲ್ಲ ನೋಡಲು ಪತ್ರಕರ್ತರೇ ಆಗಬೇಕಿಲ್ಲ. ಎರಡೂ ಸದನಗಳ ಜಾಲತಾಣದಲ್ಲಿ ಪ್ರತಿ ಮಸೂದೆಯ ಪಠ್ಯವೂ ಇದೆ, ಅದು ಯಾವ ಹಂತದಲ್ಲಿದೆ ಎಂಬುದೂ ಇದೆ. ಸರ್ಕಾರದ್ದೋ ಖಾಸಗಿ ಸದಸ್ಯರದ್ದೋ ಎಂದು ಬೇರೆ ಬೇರೆ ಪಟ್ಟಿಯೇ ಇದೆ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಕಿಲ್ಲ. ಮಸೂದೆ ಸ್ಥಾಯಿ ಸಮಿತಿಗೆ ಹೋದರೆ, ಸಮಿತಿ ಜನರ ಅಭಿಪ್ರಾಯ ಕೇಳಿ ಪತ್ರಿಕೆಗಳಲ್ಲಿ ಜಾಹೀರಾತು ಕೊಡುವುದುಂಟು. (ಟೆಂಡರ್ ಜಾಹೀರಾತಿನ ಪಕ್ಕದಲ್ಲಿ, ಸಣ್ಣ ಅಕ್ಷರದಲ್ಲಿ. ನಾವೆಲ್ಲ ಪುಟ ತಿರುಗಿಸುವುದು ಅಲ್ಲೇ.) ಸರ್ಕಾರ ಕೂಡ ಕರಡು ಮಸೂದೆಯನ್ನು ಕನಿಷ್ಠ ಮೂವತ್ತು ದಿನ ಸಾರ್ವಜನಿಕರ ಮುಂದಿಡಬೇಕು ಎಂಬ ನೀತಿ ಒಂದು ದಶಕದಿಂದ ಇದೆ. ಎಲ್ಲ ಸಲ ಪಾಲನೆಯಾಗುವುದಿಲ್ಲ. ಪಾಲನೆಯಾದಾಗಲಾದರೂ ನಮ್ಮಲ್ಲಿ ಎಷ್ಟು ಜನ ಬರೆದಿದ್ದೇವೆ?

ದೇಚಮ್ಮ ಬರೆದರು. ಅದು ನಾನು ನಿರೀಕ್ಷಿಸದ ಸಂಗತಿ.

ಅಂದು ಮಧ್ಯಾಹ್ನ ಅವರು ಮಸೂದೆಯನ್ನು ಪೂರ್ತಿ ಓದಿದರು. ಅರ್ಥವಾಗದ ಕಡೆ ಫರ್ಹಾನಾ ಬಿಡಿಸಿ ಹೇಳಿದಳು. "ಬೆಂಕಿ ಆರಿಸೋ ಸಿಲಿಂಡರ್ ಇಡಬೇಕು ಅಂದಿದ್ದಾರೆ. ಅದು ಸರಿಯೇ ಅಲ್ವಾ?" ಎಂದರು ದೇಚಮ್ಮ. "ಮೇಲಿಂದ ಇಳಿಯೋಕೆ ಇರೋದು ಒಂದೇ ಮೆಟ್ಟಿಲು. ಎಷ್ಟು ಸಲ ಯೋಚನೆ ಮಾಡಿದ್ದೆ. ಆದ್ರೆ ವಾರ್ಡನ್ ಯಾಕೆ? ನಾನಿಲ್ವಾ? ಇದನ್ನ ಯಾರಿಗೆ ಹೇಳೋದು?"

"ನಿಮ್ಮ ಕ್ಷೇತ್ರದ ಸಂಸದರಿಗೆ ಬರೀರಿ. ಮಸೂದೆ ಮಂಡಿಸಿದವರಿಗೂ ಬರೀರಿ."

"ಓದ್ತಾರಾ?"

"ಗೊತ್ತಿಲ್ಲ. ಬರೆಯದೇ ಇದ್ರೆ ಖಂಡಿತ ಓದಲ್ಲ."

ಅವರು ಗಂಡನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು. ಸುಬೇದಾರರು ಎಲ್ಲ ಕೇಳಿಸಿಕೊಂಡು, "ಅಂದ್ರೆ ಇದು ಆರ್ಡರ್ ಅಲ್ಲ, ಪ್ರಪೋಸಲ್" ಎಂದರು.

"ಹೌದು."

"ಮತ್ತೆ ಹುಡುಗೀರ ಸಾಮಾನು ಯಾಕೆ ಮೆಟ್ಟಿಲ ಮೇಲಿದೆ? ಒಳಗಿಡಿಸು, ಚಲೋ."

ನಾವೆಲ್ಲ ನಕ್ಕೆವು. ಹಾಸಿಗೆಯ ಹಗ್ಗ ಬಿಚ್ಚಿದವಳು ಕಾವೇರಿ.

ಒಂದು ಅಳುಕು ಮಾತ್ರ ಉಳಿಯಿತು. ಆರು ಮಂದಿಯಲ್ಲಿ ಒಬ್ಬಳು, ಹಾಸನದ ಸ್ಮಿತಾ, ಸೋಮವಾರವೇ ಫರೀದಾಬಾದಿನ ದೊಡ್ಡಪ್ಪನ ಮನೆಗೆ ಹೋಗಿಬಿಟ್ಟಿದ್ದಳು. ಅಲ್ಲಿಂದ ಅವಳ ಕಾಲೇಜಿಗೆ ಎರಡು ಗಂಟೆಗೂ ಹೆಚ್ಚಿನ ದಾರಿ. ದೇಚಮ್ಮ ಫೋನ್ ಮಾಡಿದಾಗ ಎತ್ತಿದವರು ದೊಡ್ಡಪ್ಪ. "ಇವತ್ತು ಹೋಗು ಅಂತೀರಿ, ನಾಳೆ ಬಾ ಅಂತೀರಿ. ನಮ್ಮ ಹುಡುಗಿ ಏನು ಕೊರಿಯರ್ ಪಾರ್ಸೆಲ್ಲಾ?" ಎಂದು ಇಟ್ಟುಬಿಟ್ಟರು.

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ತಪ್ಪು ನನ್ನದು. ನಾನೇ ಫೋನ್ ಮಾಡಿ ಅದನ್ನು ಒಪ್ಪಿಕೊಂಡೆ. ಅವರು ಮೊದಲ ಪುಟವನ್ನೂ ಕೊನೆಯ ಪುಟವನ್ನೂ ಕಳಿಸಲು ಹೇಳಿದರು. ಕಳಿಸಿದೆ. 'ಅಚ್ಛಾ. ಯೋಚನೆ ಮಾಡಿ ಹೇಳ್ತೀವಿ' ಎಂದು ಉತ್ತರ ಬಂತು.

ಸಂಜೆ ಗ್ರೂಪಿನಲ್ಲಿ ತಿದ್ದುಪಡಿ ಹಾಕಿದೆ. ಪತ್ರಿಕೆಯಲ್ಲಿ ಹಾಕುವಂತೆಯೇ, ನೇರವಾಗಿ: 'ಶನಿವಾರ ನಾನು ಖಚಿತಪಡಿಸಿದ್ದು ದಾಖಲೆಯನ್ನು ಮಾತ್ರ. ಅದು ಖಾಸಗಿ ಸದಸ್ಯರ ಮಸೂದೆ, ಕಾನೂನಲ್ಲ. ಇದನ್ನು ಅಂದೇ ಹೇಳಬೇಕಿತ್ತು. ವಿಷಾದವಿದೆ.' ಬಿದ್ದ ಹೆಬ್ಬೆರಳು ಎರಡು. ಅವುಗಳಲ್ಲಿ ಒಂದು ಕಾವೇರಿಯದು.

ಅದಾದ ಮೇಲಿನ ಸಂಗತಿಗಳು ಇಷ್ಟು. ಶುಕ್ರವಾರ ದೇಚಮ್ಮ ಎರಡು ಪುಟದ ಪತ್ರವನ್ನು ತಮ್ಮ ಸಂಸದರ ಕಚೇರಿಗೆ ಕೊಟ್ಟು, ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡು ಬಂದರು. ಮಸೂದೆ ಮಂಡಿಸಿದ ಸದಸ್ಯರಿಗೆ ಅಂಚೆಯಲ್ಲಿ ಕಳಿಸಿದರು. ಮಹಡಿಯ ಮೆಟ್ಟಿಲ ಬಳಿ ಬೆಂಕಿ ಆರಿಸುವ ಸಿಲಿಂಡರ್ ಬಂದಿದೆ. ಫರ್ಹಾನಾಳ ಪರೀಕ್ಷೆ ಮುಗಿದಿದೆ. ಸಂಸತ್ತಿನ ಅಧಿವೇಶನವೂ ಮುಗಿದಿದೆ.

ಈ ಬರಹ ಕಳಿಸುವ ಮೊದಲು, ಬುಧವಾರ ಬೆಳಿಗ್ಗೆ, ಮಸೂದೆಯ ಸಂಗತಿ, ಸ್ಮಿತಾಳ ಸಂಗತಿ ಎರಡನ್ನೂ ಮತ್ತೊಮ್ಮೆ ಪರಿಶೀಲಿಸಿದೆ. ಜಾಲತಾಣದಲ್ಲಿ ಮಸೂದೆಯ ಸ್ಥಿತಿ: ಬಾಕಿ. ಸ್ಮಿತಾ ಕಳೆದ ಭಾನುವಾರ ಸಂಜೆ ದೊಡ್ಡಪ್ಪನ ಜೊತೆ ಕಾರಿನಲ್ಲಿ ಪೀತಮ್‌ಪುರಕ್ಕೆ ಬಂದಿಳಿದಳು. ಮನೆಯಲ್ಲಿ ಈಗ ಆರೂ ಹುಡುಗಿಯರು ಇದ್ದಾರೆ.