ಸಾಲಿನಲ್ಲಿ ಚಪ್ಪಲಿ

2006ರ ಯುಗಾದಿಯ ಹಿಂದಿನ ಸಂಜೆ ಚಿಕ್ಕಬಳ್ಳಾಪುರದ ಒಂದು ಸೂಪರ್ ಮಾರ್ಕೆಟ್‌ನಲ್ಲಿ ಎರಡು ಕೌಂಟರ್‌ಗಳ ಪೈಕಿ ಒಂದು ಮುಚ್ಚಿತ್ತು. ಬಿಲ್ಲಿನ ಸಾಲು ಅಕ್ಕಿ ಮೂಟೆಗಳವರೆಗೆ ಬೆಳೆದಿತ್ತು.

ನಮ್ಮ ಪಕ್ಕದ ಮನೆಯ ಅಜ್ಜಿಗೆ ಮಂಡಿನೋವು. ಅವರು ಯಾವ ಸಾಲಿನಲ್ಲೂ ನಿಂತದ್ದನ್ನು ನಾನು ನೋಡಿಲ್ಲ. ಸೀಮೆಎಣ್ಣೆ ಸಾಲಿನಲ್ಲಿ ಡಬ್ಬ, ಆಸ್ಪತ್ರೆ ಸಾಲಿನಲ್ಲಿ ಕೈಚೀಲ ಇಟ್ಟು ಪಕ್ಕದಲ್ಲಿ ಕೂರುತ್ತಿದ್ದರು. ಸಾಲು ಕದಲಿದಾಗಲೆಲ್ಲ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಾ, "ಒಂಚೂರು ಮುಂದಕ್ಕೆ ತಳ್ಳಪ್ಪ" ಎನ್ನುತ್ತಿದ್ದರು. ಹಿಂದಿನವರು ತಳ್ಳುತ್ತಿದ್ದರು.

ಅಂದು ಒಬ್ಬಟ್ಟಿನ ಬೇಳೆ, ಬೆಲ್ಲದ ಬುಟ್ಟಿಯನ್ನು ಹಾಗೆಯೇ ಇಟ್ಟು ಮೂಟೆಯ ಮೇಲೆ ಕೂತರು. ಮುಕ್ಕಾಲು ಗಂಟೆಯ ನಂತರ ಬುಟ್ಟಿ ಕೌಂಟರ್ ಹತ್ತಿರ ಬಂತು. ಮರೆತಿದ್ದ ಏಲಕ್ಕಿ ತರಲು ಅಜ್ಜಿ ಎದ್ದು ಹೋದಾಗ ಅಂಗಡಿಯ ಮೇಲ್ವಿಚಾರಕ ಬುಟ್ಟಿಯನ್ನು ಎತ್ತಿಕೊಂಡ.

"ಅದು ಅಜ್ಜೀದು ಕಣ್ರೀ," ಎಂದೆವು ಹಿಂದೆ ಸಾಲಿನಲ್ಲಿದ್ದ ನಾವು.

"ಬುಟ್ಟಿ ನಿಲ್ಲಂಗಿಲ್ಲ ಸಾರ್. ಮನುಷ್ಯರು ನಿಲ್ಬೇಕು."

ಅಜ್ಜಿ ಮರಳುವಷ್ಟರಲ್ಲಿ ಸಾಮಾನೆಲ್ಲ ರ‍್ಯಾಕ್ ಸೇರಿತ್ತು.

"ಮತ್ತೆ ತಗೊಂಡು ಹಿಂದೆ ನಿಂತ್ಕೊಳ್ಳಿ ಅಜ್ಜಿ," ಎಂದ ಮೇಲ್ವಿಚಾರಕ.

"ಮನುಷ್ಯರು ನಿಲ್ಬೇಕು ಅಂದ್ರೆ, ಮೊದ್ಲು ಆ ಖಾಲಿ ಕೌಂಟರಲ್ಲಿ ಒಬ್ಬರನ್ನ ನಿಲ್ಸಪ್ಪ."

"ಸಿಸ್ಟಮ್ ಕೆಟ್ಟಿದೆ ಅಜ್ಜಿ."

ಅಜ್ಜಿ ಚಪ್ಪಲಿ ಕಳಚಿ, ಬುಟ್ಟಿ ಇದ್ದ ಜಾಗದಲ್ಲೇ ಜೋಡಿಸಿಟ್ಟರು. "ಇದನ್ನ ಯಾವ ರ‍್ಯಾಕಲ್ಲಿ ಇಡ್ತೀಯೋ ಇಡು," ಎಂದು ಬರಿಗಾಲಲ್ಲಿ ಬೇಳೆ ಹುಡುಕಲು ಹೊರಟರು. ಮೇಲ್ವಿಚಾರಕ ಚಪ್ಪಲಿ ಮುಟ್ಟಲಿಲ್ಲ. ಸಾಲು ಕದಲಿದಾಗ ಹಿಂದಿನವರು ಹೇಳಿಸಿಕೊಳ್ಳದೆ ಅದನ್ನು ಮುಂದಕ್ಕೆ ತಳ್ಳಿದರು. ಅಜ್ಜಿಗೆ ತಮ್ಮ ಸರದಿಯಲ್ಲೇ ಬಿಲ್ ಆಯಿತು.

ಅದೇ ವರ್ಷ ಗೌರಿ ಹಬ್ಬದ ಹಿಂದಿನ ದಿನ ನಾನು ಹೋದಾಗ ಆ ಸಾಲಿನಲ್ಲಿ ನಾಲ್ಕು ಜೊತೆ ಚಪ್ಪಲಿಗಳಿದ್ದವು. ಎರಡನೇ ಕೌಂಟರ್ ಆಗಲೂ ಮುಚ್ಚಿತ್ತು.